ಕೈಗುಣ

ಎರಡನೆಯ ಸಲವೂ ಅಪ್ಪನ ಎಡಗೈ ಹೊಟ್ಟೆ ಬಿಟ್ಟು ಮೇಲೇಳದಿದ್ದಾಗ ವೃಷಭೇಂದ್ರಪ್ಪ ಬೆವರು ಒರೆಸಿಕೊಂಡು ಹಿಂದೆ ಸರಿದ.

“ಜೋರು ಮಾಡ್ಬೇಡ ಕಣಪ್ಪ, ಮೂಳೆ ಮುರಿದೀತು,” ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಸದಾಶಿವಯ್ಯನವರು. ಇಷ್ಟಲಿಂಗ ಹಿಡಿದುಕೊಂಡು ಅವರು ಕಾಯುತ್ತ ಅರ್ಧ ಗಂಟೆಯಾಗಿತ್ತು. “ಆದ್ರೆ ಎಡ ಅಂಗೈಲಿ ಲಿಂಗ ಇಡ್ದೆ ಎತ್ತೋ ಹಾಗಿಲ್ಲ.”

ಕರಿಬಸವಯ್ಯನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಪ್ರಾಣ ಹೋಗಿ, ಜಟಕಾದಲ್ಲಿ ಮನೆಗೆ ತರುವಷ್ಟರಲ್ಲಿ ಕೈ ಸೆಟೆದುಕೊಂಡಿತ್ತು. ಅದು ಇದ್ದ ಜಾಗ ಅಗ್ರಹಾರದ ಆ ಬೀದಿಗೇನೂ ಹೊಸದಲ್ಲ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತ ನಿಂತಾಗಲೂ ಆತನ ಎಡಗೈ ಹೊಟ್ಟೆಗೇ ಒತ್ತಿಕೊಂಡಿರುತ್ತಿತ್ತು. ನೋಡಿದವರು ಅದನ್ನು ಕೆಲಸದ ಶ್ರದ್ಧೆ ಅಂದುಕೊಂಡಿದ್ದರು. ಒಂದಕ್ಷರ ತಲೆಕೆಳಗಾದರೆ ಊಟಕ್ಕೇಳದ ಮನುಷ್ಯ, ತನ್ನ ಹೊಟ್ಟೆಯೊಳಗಿನ ತಪ್ಪನ್ನು ಮಾತ್ರ ಅರವತ್ತಮೂರು ವರ್ಷ ತಿದ್ದದೆ ಬಿಟ್ಟಿದ್ದ.

“ದೇವಿರಮ್ಮೋರು ಎಣ್ಣೆ ಹಚ್ಚಿ ನೀವಿದ್ರೆ ಬಿಟ್ಕೊಳತ್ತೆ ಕಣ್ರೀ. ಅವರ ಕೈಗುಣ...” ಎಂದ ಪಕ್ಕದ ಮನೆಯ ಸುಮಿತ್ರಮ್ಮ ಅಲ್ಲೇ ನಾಲಗೆ ಕಚ್ಚಿಕೊಂಡಳು.

ಅಡಿಗೆಮನೆಯ ಬಾಗಿಲಲ್ಲಿ ಕುಳಿತಿದ್ದ ಸತ್ತವನ ಅಕ್ಕ ದೇವಿರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಡಾಕ್ಟರು ಏನೆಂದರು ಎಂದು ತಮ್ಮನ ಮಗ ಹೇಳುತ್ತಿಲ್ಲ. ಕೇಳಲು ಅವಳಿಗೆ ಧೈರ್ಯವಿಲ್ಲ. ಅವನು ಅತ್ತ ಬಂದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು.

*

ಹೋದ ವಾರ ಬುಧವಾರ ಕರಿಬಸವಯ್ಯ ಪ್ರೆಸ್ಸಿನಿಂದ ಬಗ್ಗಿಕೊಂಡೇ ಬಂದು ಚಾಪೆಯ ಮೇಲೆ ಬಿದ್ದುಕೊಂಡಿದ್ದ.

“ಅಕ್ಕ, ಮತ್ತೆ ಬಟ್ಟಿ ಜಾರಿದೆ.”

ಹೊಕ್ಕುಳ ಕೆಳಗಿನ ನಾಡಿ ಜಾಗ ಬಿಟ್ಟು ಸರಿದರೆ ಬಟ್ಟಿ ಜಾರಿತು ಅನ್ನುತ್ತಾರೆ. ಅದನ್ನು ತಿಕ್ಕಿ ಜಾಗಕ್ಕೆ ತರುವುದರಲ್ಲಿ ದೇವಿರಮ್ಮನದು ಎತ್ತಿದ ಕೈ. ಮಂಡಿಮೊಹಲ್ಲಾದಿಂದಲೂ ಜನ ಬರುತ್ತಿದ್ದರು. ತಮ್ಮನಿಗಂತೂ ಅವನು ಏಳು ವರ್ಷದವನಿದ್ದಾಗಿನಿಂದ ತಿಕ್ಕುತ್ತಿದ್ದಳು. ಹರಳೆಣ್ಣೆ ಬಿಸಿ ಮಾಡಿ ಹೊಕ್ಕುಳ ಸುತ್ತ ನೀವಿ, ಕೊನೆಗೆ ಹೆಬ್ಬೆರಳು ಒತ್ತಿ, “ಸರಿಹೋಯ್ತೇನೋ ಕರಿಯಾ?” ಎಂದು ಕೇಳುವಳು. “ಸರಿಹೋಯ್ತಕ್ಕ,” ಎಂದು ಅವನು ಎದ್ದು ಹೋಗುತ್ತಿದ್ದ. ಸರಿ ಹೋಗದಿದ್ದರೂ ಹಾಗೇ ಅನ್ನುತ್ತಿದ್ದನೇನೋ, ಯಾರಿಗೆ ಗೊತ್ತು!

ಈ ಸಲ ಗುರುವಾರ ವಾಂತಿ ಶುರುವಾಯಿತು. ಹೆಂಡತಿ ಗಿರಿಜಾಂಬಾ ಗಾಬರಿಯಾಗಿ, “ದೊಡ್ಡಾಸ್ಪತ್ರೆಗೆ ಹೋಗೋಣ ಕಣ್ರೀ,” ಎಂದಳು.

“ಎಲೆಕ್ಷನ್ ಕರಪತ್ರ ಅರ್ಧಕ್ಕೆ ನಿಂತಿವೆ. ಆಸ್ಪತ್ರೆಗೆ ಸೇರಿದ್ರೆ ತಿಂಗಳು. ಅಕ್ಕನ ಕೈ ಬಿದ್ರೆ ನಾಳೆ ಎದ್ದೋಗ್ತೀನಿ.”

ದೇವಿರಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಶುಕ್ರವಾರವೂ ತಿಕ್ಕಿದಳು. ಶನಿವಾರ ಅವನ ಹೊಟ್ಟೆ ಹಲಗೆಯಂತೆ ಬಿಗಿದು, ಬೆರಳು ತಾಗಿಸಿದರೆ ಚೀರಿದ. ಆಗ ಜಟಕಾ ಬಂತು.

*

ಮಧ್ಯಾಹ್ನದ ಬಿಸಿಲು ಏರಿತು. ಗುಂಡಿ ತೋಡಿ ಆಗಿದೆಯೆಂದು ಹೇಳಿಕಳಿಸಿದ್ದರು. ತಡೆಯಲಾರದೆ ದೇವಿರಮ್ಮ ಹಿತ್ತಲ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ ವೃಷಭೇಂದ್ರಪ್ಪನ ಬಳಿ ಹೋದಳು.

“ಏನಂದ್ರೋ ಡಾಕ್ಟ್ರು? ನನ್ನ ಮುಖ ನೋಡಿ ಹೇಳು.”

“ಬಟ್ಟಿ ಅಲ್ವಂತೆ ಅತ್ತೆ. ಹೊಟ್ಟೆ ಕೊಯ್ದಾಗ ಗೊತ್ತಾಯ್ತಂತೆ. ಸಣ್ಣ ಕರುಳಿಗೆ ಹೆಬ್ಬೆರಳುದ್ದ ಒಂದು ಚೀಲ ಇತ್ತಂತೆ. ಹುಟ್ಟಿದಾಗಿಂದ್ಲೇ. ತಾಯಿ ಹೊಟ್ಟೇಲಿ ಮಗುವಿನ ಹೊಕ್ಕುಳಿಂದ ಕರುಳಿಗೆ ಒಂದು ದಾರಿ ಇರತ್ತಂತೆ. ಹುಟ್ಟೋ ಹೊತ್ತಿಗೆ ಅದು ಪೂರ್ತಿ ಕರಗಿ ಹೋಗ್ಬೇಕು. ಅಪ್ಪಂಗೆ ಒಂದು ತುಂಡು ಉಳ್ಕೊಂಡಿತ್ತು. ಈಗ ಕರುಳು ಅದರ ಸುತ್ತ ತಿರುಚಿ ಕಪ್ಪಾಗಿ ಒಡೆದಿತ್ತು. ಈ ವಯಸ್ಸಲ್ಲಿ ಅದು ಡಾಕ್ಟ್ರಿಗೂ ಸುಲಭವಾಗಿ ಹೊಳೆಯಲ್ವಂತೆ.”

“ನಾನು ತಿಕ್ಕಿದ್ದಕ್ಕೆ ಒಡೀತಾ?”

ಅವನು ನಲ್ಲಿ ನಿಲ್ಲಿಸಿದ. “ಕೇಳ್ದೆ. ಹೇಳೋಕಾಗಲ್ಲ ಅಂದ್ರು.”

“ಮೂರು ದಿನ ಮುಂಚೆ ಕರ್ಕೊಂಡೋಗಿದ್ರೆ?”

ಅವನು ಮತ್ತೆ ನಲ್ಲಿ ತಿರುಗಿಸಿ ಕಾಲು ತೊಳೆಯತೊಡಗಿದ. ದೇವಿರಮ್ಮ ಬಚ್ಚಲ ಗೋಡೆ ಹಿಡಿದುಕೊಂಡು ನಿಂತಳು. ಅದೇ ಹೊಕ್ಕುಳ ಮೇಲೆ ಐವತ್ತಾರು ವರ್ಷ ಬೆರಳಿಟ್ಟಿದ್ದಳು. ಇನ್ನು ಈ ಕೈಯಿಂದ ಯಾರನ್ನೂ ಮುಟ್ಟಬಾರದು ಅನ್ನಿಸಿತು.

ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಗಿರಿಜಾಂಬಾ ನಿಂತಿದ್ದಳು. ಕೇಳಿಸಿಕೊಂಡಿದ್ದಳೋ ಇಲ್ಲವೋ, ಕಣ್ಣು ಕೆಂಪಗಿತ್ತು. ಕೈಯಲ್ಲಿ ಹರಳೆಣ್ಣೆಯ ಬಟ್ಟಲಿತ್ತು, ಹಬೆಯಾಡುತ್ತಿತ್ತು.

“ಬನ್ನಿ ಅತ್ತಿಗೆ. ಬೇರೆಯವರ ಕೈಗೆ ಅವರು ಬಗ್ಗೋರಲ್ಲ.”

“ಬೇಡ ಕಣೇ ಗಿರಿಜಾ, ಈ ಕೈ...”

“ಎಣ್ಣೆ ಆರೋಗತ್ತೆ,” ಎಂದಳು ಗಿರಿಜಾಂಬಾ.

ನಡುಮನೆಯಲ್ಲಿ ಜನ ದಾರಿ ಬಿಟ್ಟರು. ದೇವಿರಮ್ಮ ತಮ್ಮನ ಎದುರು ಕುಳಿತಳು. ಸುರಿದುಕೊಳ್ಳುವಾಗ ಎಣ್ಣೆ ಅವನ ಪಂಚೆಯ ಮೇಲೂ ಚೆಲ್ಲಿತು. ಮೊಣಕೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಬೆರಳಿಗೆ ನಿಧಾನವಾಗಿ ನೀವಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿರುಬೆರಳು ಸಡಿಲಾಯಿತು, ಅದರ ಹಿಂದೆ ಉಳಿದವು. ಮೊಳೆಯ ಮಸಿ ಹಿಡಿದಿದ್ದ ಅಂಗೈ ಮೇಲ್ಮುಖವಾಗಿ ತೆರೆಯಿತು. ಸದಾಶಿವಯ್ಯನವರು ಬೇಗನೆ ಬಗ್ಗಿ ಇಷ್ಟಲಿಂಗವನ್ನು ಅದರೊಳಗಿಟ್ಟು ಮಂತ್ರ ಶುರುಮಾಡಿದರು.

ದೇವಿರಮ್ಮ ಕೈ ತೆಗೆಯಲಿಲ್ಲ. ತಮ್ಮನ ಕೈಯ ಕೆಳಗೆ ತನ್ನ ಅಂಗೈ ಆನಿಸಿ ಹಿಡಿದು, ಅವನ ಮುಖದ ಹತ್ತಿರಕ್ಕೆ ಬಗ್ಗಿ, ಎಂದಿನ ದನಿಯಲ್ಲೇ ಕೇಳಿದಳು:

“ಸರಿಹೋಯ್ತೇನೋ ಕರಿಯಾ?”

ಸದಾಶಿವಯ್ಯನವರು ಮಂತ್ರ ನಿಲ್ಲಿಸಿದರು. ಅವಳು ಕಿವಿಗೊಟ್ಟು ಕಾಯುತ್ತಿದ್ದಳು.