ಗೊಟ್ಟ ಕಂಡ ಗುಡಿಯ ಬಣ್ಣ

ನಾನು ಒಂದು ಗೊಟ್ಟ. ಒಂದು ತುದಿಯಲ್ಲಿ ಗಂಟು ಉಳಿಸಿ, ಇನ್ನೊಂದು ತುದಿಯನ್ನು ಓರೆಯಾಗಿ ಕೊಯ್ದ ಬಿದಿರಿನ ನಳಿಗೆ. ದನಕ್ಕೆ ಜಡ್ಡಾದಾಗ ಔಷಧವನ್ನು ನನ್ನಲ್ಲಿ ತುಂಬಿ ಅದರ ಬಾಯೊಳಗೆ ಸುರಿಯುತ್ತಾರೆ. ನನ್ನನ್ನು ಮಾಡಿದವಳು ಮೇದಾರ ಓಣಿಯ ಹನುಮವ್ವ. ಗಾಜಿನ ಚೂರಿನಿಂದ ನನ್ನ ತುಟಿಯನ್ನು ಹೆರೆದು ಹೆರೆದು ನುಣುಪು ಮಾಡಿ, ತನ್ನ ಕೆನ್ನೆಗೆ ಒತ್ತಿ ನೋಡಿದಳು.

"ಮೂಕ ಪ್ರಾಣಿ ಬಾಯಾಗ ಹೋಗೂದು. ಸಿಬರು ಉಳಿದ್ರ ಅದು ಯಾರಿಗೆ ಹೇಳೀತು?" ಎಂದಳು.

ನನ್ನನ್ನು ಮೊದಲು ಕೊಂಡವನು ಯಮನಪ್ಪ. ಒಂದು ವರ್ಷ ಮಳೆ ತಡವಾಯಿತು. ಕೊಯ್ದ ಜೋಳದ ಕೂಳೆಯಲ್ಲಿ ಎಳೆಯ ಚಿಗುರು ಒಡೆದಿತ್ತು. ಅವನ ಎಮ್ಮೆ ಹಗ್ಗ ಹರಿದುಕೊಂಡು ಹೋಗಿ ಅದನ್ನು ಮೇಯಿತು. ನನ್ನಲ್ಲಿ ಬೆಲ್ಲದ ನೀರು ತುಂಬಿಕೊಂಡು ಯಮನಪ್ಪ ಓಡುವಷ್ಟರಲ್ಲಿ ಅದು ಬಿದ್ದು ಒದ್ದಾಡಿ ಸತ್ತಿತ್ತು. ಬಾಯಿಯ ಒಳಗೆಲ್ಲ ಕೆಂಡದಂತಹ ಕೆಂಪು. ಎಳೆ ಜೋಳದ ನಂಜು ಹಾಗೆಯೇ ಎಂದು ಆಮೇಲೆ ಯಾರೋ ಹೇಳಿದರು. ರಕ್ತದಲ್ಲಿ ಉಸಿರು ತುಂಬಿರುತ್ತದೆ, ಆದರೆ ಮೈಯ ಮಾಂಸ ಅದನ್ನು ತೆಗೆದುಕೊಳ್ಳಲಾರದು. ತುಂಬಿದ ಕೊಡದ ಮುಂದೆ ಬಾಯಾರಿ ಸತ್ತ ಹಾಗೆ. ಅಂದಿನಿಂದ ನನಗೊಂದು ಹೆದರಿಕೆ ಹಿಡಿಯಿತು. ದನದ ಬಾಯಿಗೆ ಏನು ಹೋದರೂ ಕಣ್ಣು ಕೀಲಿಸಿ ನೋಡುತ್ತಿದ್ದೆ.

ಯಮನಪ್ಪ ಮತ್ತೆ ದನ ಕಟ್ಟಲಿಲ್ಲ. ನನ್ನನ್ನು ನೆರೆಯ ಗುರುಬಸಪ್ಪನಿಗೆ ಕೊಟ್ಟುಬಿಟ್ಟ. ಗುರುಬಸಪ್ಪ ದೈವಭಕ್ತ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅದೇ ವಿಭೂತಿಯ ಕೈಯನ್ನು ಎತ್ತುಗಳ ಹಣೆಗೂ ಎಳೆಯುತ್ತಿದ್ದ. ಎರಡು ಎತ್ತುಗಳಲ್ಲಿ ಹಂಡ್ಯಾ ಎಂಬುದು ಅವನ ಪ್ರಾಣ. ತಾಯಿ ಸತ್ತ ಕರುವಾಗಿದ್ದ ಅದಕ್ಕೆ ಅವನೂ ಹೆಂಡತಿ ಗಂಗವ್ವನೂ ಬಟ್ಟೆಯ ಬತ್ತಿಯಲ್ಲಿ ಹಾಲು ಹೀರಿಸಿ ಬದುಕಿಸಿದ್ದರು. ನನ್ನನ್ನು ಕೊಟ್ಟಿಗೆಯಲ್ಲಿ ಮೇವು ಹಾಕುವ ಗೋದಲಿಯ ಮೇಲಿನ ಗೂಟಕ್ಕೆ ತೂಗುಹಾಕಿದರು. ಮೇವು ತಿನ್ನುವ ದನಗಳು ಅಲ್ಲಿಂದ ಚೆನ್ನಾಗಿ ಕಾಣುತ್ತಿದ್ದವು.

ಆ ವರ್ಷ ಬಸವಣ್ಣನ ಗುಡಿಗೆ ಕಬ್ಬಿಣದ ಗೇಟು ಕೂರಿಸಿದರು. ತುಕ್ಕು ಹಿಡಿಯದಿರಲೆಂದು ಯಾರದೋ ಮನೆಯಲ್ಲಿ ಬಹುಕಾಲದಿಂದ ಉಳಿದಿದ್ದ ದಪ್ಪನೆಯ ಕೆಂಪು ಬಣ್ಣ ಹಚ್ಚಿದರು. ಮಿಕ್ಕದ್ದನ್ನು ಗುರುಬಸಪ್ಪ ಬೇಡಿ ತಂದ. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಳಿದ. ಡಬ್ಬಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿಯಿತು.

"ಒಗದ ಬಿಡ್ರಿ ಅದನ್ನ" ಎಂದಳು ಗಂಗವ್ವ.

"ದೇವರ ಗುಡಿ ಬಣ್ಣ, ಹುಚ್ಚಿ. ಮಂದಿ ಕಾಲಾಗ ಬೀಳಬಾರದು."

"ಹಂಗಾರ ದೇವರ ಜಗಲಿ ಮ್ಯಾಲ ಇಡ್ರಿ. ನಾಳೆ ಅದಕ್ಕ ಊದಿನಕಡ್ಡಿನೂ ಹಚ್ಚತೀರಿ ನೀವು!"

ಅವನು ನಕ್ಕು, ಯಾರೂ ತುಳಿಯದ ಎತ್ತರದ ಜಾಗವೆಂದು ಗೋದಲಿಯ ಕಟ್ಟೆಯ ಮೂಲೆಯಲ್ಲಿ ಡಬ್ಬಿಯನ್ನಿಟ್ಟ.

ಹಂಡ್ಯಾ ಮೊದಲು ಮೂಸಿತು. ಆಮೇಲೆ ನೆಕ್ಕಿತು. ಆ ಬಣ್ಣ ನಾಲಿಗೆಗೆ ಸಿಹಿಯಿರಬೇಕು, ಮೇವು ಬಿಟ್ಟು ಮತ್ತೆ ಮತ್ತೆ ಅದರ ಕಡೆಗೇ ಕತ್ತು ಚಾಚುತ್ತಿತ್ತು. ಇನ್ನೊಂದು ಎತ್ತಿನ ಹಗ್ಗ ಅಲ್ಲಿಯವರೆಗೆ ಎಟಕುತ್ತಿರಲಿಲ್ಲ. ಗುರುಬಸಪ್ಪ ಹೊಲಕ್ಕೆ, ಗಂಗವ್ವ ಅಡಿಗೆಮನೆಗೆ. ಕಂಡವನು ನಾನೊಬ್ಬನೇ. ಗೂಟದಿಂದ ಬಿದ್ದಾದರೂ ಸದ್ದು ಮಾಡೋಣವೆಂದರೆ ನನಗೆ ಬೀಳುವ ಶಕ್ತಿಯೂ ಇರಲಿಲ್ಲ. ಶಿವನೇ, ಯಾರನ್ನಾದರೂ ಇತ್ತ ಕಳಿಸು ಎಂದು ಬೇಡಿಕೊಂಡೆ.

ಕೆಲವು ದಿನಗಳಲ್ಲಿ ಹಂಡ್ಯಾ ಮೇವು ಬಿಟ್ಟಿತು. ಸಗಣಿ ಕಟ್ಟಿತು. ಹಲ್ಲು ಕಡಿಯತೊಡಗಿತು, ಕಿವಿಗಳು ತಾವಾಗಿಯೇ ಅದುರುತ್ತಿದ್ದವು. ಒಂದು ಬೆಳಿಗ್ಗೆ ಹೊರಗೆ ಬಿಟ್ಟಾಗ ಗೋಡೆಗೆ ಹೋಗಿ ಹಣೆ ಒತ್ತಿ ನಿಂತುಬಿಟ್ಟಿತು. ಎಳೆದರೆ ಗಾಣದೆತ್ತಿನಂತೆ ಒಂದೇ ಕಡೆಗೆ ತಿರುಗಿತು. ಕಣ್ಣು ತೆರೆದೇ ಇದ್ದವು, ಆದರೆ ಕಾಣುತ್ತಿರಲಿಲ್ಲ.

ಮಂದಿ ಸೇರಿದರು. ಎದುರುಮನೆಯ ಚಂದ್ರಪ್ಪ ದೂರದಿಂದಲೇ ಕೂಗಿದ. "ಗುರುಬಸಣ್ಣಾ, ಹುಚ್ಚನಾಯಿ ಕಡದೈತಿ ಅದಕ್ಕ! ಬಾಯಾಗ ಕೈ ಹಾಕಬ್ಯಾಡ. ಊರ ಹೊರಗ ಕಟ್ಟಿ ಬಿಡು, ತಾನ ಹೋಗತೈತಿ."

"ನಿನಗ ಜ್ವರ ಬಂದಾಗ ನಿನ್ನೂ ಊರ ಹೊರಗ ಕಟ್ಟಿದ್ದರೇನೋ?" ಎಂದ ಗುರುಬಸಪ್ಪ. ಆದರೆ ಹಿಂದಿನ ದಿನವೇ ಅವನು ಅದರ ಬಾಯಿಗೆ ಕೈಹಾಕಿ ನಾಲಿಗೆ ಎಳೆದು ನೋಡಿದ್ದ. ಗಂಗವ್ವ ಅವನ ಆ ಕೈಯನ್ನೇ ನೋಡುತ್ತ ಬಾಯಿಗೆ ಸೆರಗು ಹಿಡಿದು ನಿಂತಳು.

ದನದ ದವಾಖಾನೆಯಿಂದ ಡಾಕ್ಟರು ಬಂದಳು, ವಯಸ್ಸಿನಲ್ಲಿ ಚಿಕ್ಕವಳು. ಕೈಗೆ ರಬ್ಬರಿನ ಗವಸು ಹಾಕಿಕೊಂಡು ಹಂಡ್ಯಾನ ಸುತ್ತ ನಿಧಾನವಾಗಿ ನೋಡಿದಳು.

"ಅಜ್ಜಾರ, ಇದು ಏನರ ನೆಕ್ಕೇತೇನ್ರಿ? ಹಳೇ ಬ್ಯಾಟರಿ, ಗ್ರೀಸು, ಬಣ್ಣ?"

"ಇಲ್ಲವಾ, ನಮ್ಮನ್ಯಾಗ ಅಂಥಾದ್ದೇನೂ ಇಲ್ಲ."

ನಾನು ಗೂಟದ ಮೇಲೆ ಚಡಪಡಿಸಿದೆ. ಅವಳು ಗೋದಲಿಯ ಹತ್ತಿರ ಬಂದಳು. ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ನಾಲಿಗೆ ಎಟಕುವಷ್ಟು ದೂರ ಬಣ್ಣವೇ ಇರಲಿಲ್ಲ, ಬರೀ ತಗಡು ಹೊಳೆಯುತ್ತಿತ್ತು.

"ಇದರಾಗ ಸೀಸ ಇರತೈತ್ರಿ. ಮೈಗೆ ಅದು ಸುಣ್ಣದಂಗ ಕಾಣತೈತಿ. ಸುಣ್ಣಂತ ತಿಳದು ಎಲುಬು ಅದನ್ನ ಒಳಗ ಇಟಗೋತೈತಿ. ರಕ್ತ ಆಗಗೊಡೂದಿಲ್ಲ, ಮಿದುಳಿಗೆ ಬಾವು ಬರತೈತಿ. ಅದಕ್ಕ ಕಣ್ಣು ಹೋಗ್ಯಾವು. ರಕ್ತ ತಪಾಸಕ್ಕ ಕಳಸ್ತೀನಿ, ಆದ್ರ ಅದು ಬರೂತನಕ ಕಾಯಾಕ ಆಗೂದಿಲ್ಲ."

"ಗುಡಿ ಬಣ್ಣರೀ ಅದು" ಎಂದ ಗುರುಬಸಪ್ಪ.

ಅವಳು ರಕ್ತನಾಳಕ್ಕೆ ಸೂಜಿ ಚುಚ್ಚಿದಳು. ಆ ಔಷಧ ಸೀಸವನ್ನು ಕಟ್ಟಿ ಉಚ್ಚೆಯಲ್ಲಿ ಹೊರಗೆ ಒಯ್ಯುವುದಂತೆ. ಹೊಟ್ಟೆಯಲ್ಲಿ ಉಳಿದಿದ್ದಕ್ಕೆ ಭೇದಿ ಉಪ್ಪಿನ ನೀರು ಕುಡಿಸಬೇಕು. ನನ್ನನ್ನು ಗೂಟದಿಂದ ಇಳಿಸಿದರು. ಹಂಡ್ಯಾ ಗುಟುಕು ನುಂಗಬಲ್ಲದೆಂದು ನೋಡಿದ ಮೇಲೆಯೇ ಅವಳು ಒಪ್ಪಿದಳು.

"ತಲಿ ಬಾಳ ಎತ್ತಬ್ಯಾಡ್ರಿ. ಕೆಮ್ಮಿದ್ರ ಬಿಟ್ಟಬಿಡ್ರಿ. ಔಷಧ ಶ್ವಾಸಕೋಶಕ್ಕ ಹೋತಂದ್ರ ನಾವ ಕೊಂದಂಗ."

ಗವಸು ತೊಟ್ಟ ಗುರುಬಸಪ್ಪನ ಕೈಯಲ್ಲಿ ನಾನು ಬಾಯೊಳಗೆ ಹೋದೆ. ದವಡೆ ಕಟ್ಟಿತ್ತು. ಹಂಡ್ಯಾ ನನ್ನನ್ನು ಕಡಿಯಿತು, ಹನುಮವ್ವ ನುಣುಪು ಮಾಡಿದ ನನ್ನ ತುಟಿ ಸೀಳಿತು. ಗುಟುಕು ಗುಟುಕಾಗಿ ಸುರಿದರು. ಪ್ರತಿ ಗುಟುಕಿಗೂ ಅದರ ಗಂಟಲು ಏರಿ ಇಳಿಯುವುದನ್ನು ಕಾದೆ. ಇಳಿಯಿತು. ಮತ್ತೊಂದು. ಇಳಿಯಿತು.

ಡಬ್ಬಿಯನ್ನು ಬಾವಿಯಿಂದ ದೂರ ಆಳವಾಗಿ ಹೂಳಿರಿ, ಕೋಡಿನ ಬಣ್ಣವನ್ನೂ ಹೆರೆದು ಜೊತೆಗೇ ಹೂಳಿರಿ ಎಂದು ಹೇಳಿ ಡಾಕ್ಟರು ಹೋದಳು. ಗುರುಬಸಪ್ಪ ಡಬ್ಬಿ ಹಿಡಿದು ನಿಂತೇ ಇದ್ದ.

"ಬಸವಣ್ಣ ಗುಡಿಯಾಗೂ ಅದಾನ, ಗೋದಲ್ಯಾಗೂ ಅದಾನ. ಯಾವ ಬಸವಣ್ಣನ ಮಾತ ಕೇಳಲಿ?"

"ನೆಕ್ಕಿದ ಬಸವಣ್ಣನ ಮಾತ ಕೇಳ್ರಿ" ಎಂದು ಗಂಗವ್ವ ಗುದ್ದಲಿ ತಂದು ಅವನ ಕೈಗಿಟ್ಟಳು.

ಡಾಕ್ಟರು ಮತ್ತೆ ಮತ್ತೆ ಬಂದು ಸೂಜಿ ಹಾಕಿದಳು. ಪರೀಕ್ಷೆಗೆ ಹೋದ ರಕ್ತದಲ್ಲಿಯೂ ಸೀಸವೇ ಸಿಕ್ಕಿತು. ಗಂಡನ ಕೈಗೂ ಹುಚ್ಚುನಾಯಿಯ ನಂಜು ತಗುಲಿತೆಂಬ ಗಂಗವ್ವನ ಭಯ ಆಗ ಹೋಯಿತು. ಬಹಳ ದಿನ ಕಳೆದ ಮೇಲೆ ಒಂದು ಮುಂಜಾನೆ ಗುರುಬಸಪ್ಪ ಹಂಡ್ಯಾನ ಕಣ್ಣ ಮುಂದೆ ಅಂಗೈ ಆಡಿಸಿದ. ರೆಪ್ಪೆ ಬಡಿಯಿತು. ಅವನು ಎತ್ತಿನ ಕೊರಳು ತಬ್ಬಿಕೊಂಡು ಅತ್ತ. ಆದರೆ ಡಾಕ್ಟರು ಒಂದು ಮಾತು ಹೇಳಿದ್ದಳು. ಎಲುಬಿನಲ್ಲಿ ಕುಳಿತದ್ದು ಪೂರ್ತಿ ಹೋಗುವುದಿಲ್ಲ, ಮೈ ಸೋತಾಗ ಮತ್ತೆ ರಕ್ತಕ್ಕೆ ಇಳಿಯಬಹುದು.

ಈಗ ನಾನು ಮುದಿಯಾಗಿದ್ದೇನೆ. ಸೀಳಿದ ತುಟಿಯಿಂದ ನೀರು ಸೋರುತ್ತದೆ, ಔಷಧಕ್ಕೆ ಬಾಟಲಿ ಬಂದಿದೆ. ಆದರೂ ನನ್ನನ್ನು ಯಾರೂ ಎಸೆದಿಲ್ಲ. ಗೂಟದ ಮೇಲೆ ತೂಗುತ್ತ ಒಂದೇ ಮಾತನ್ನು ಯೋಚಿಸುತ್ತೇನೆ. ತಾನು ನಂಬಿದವರು ಮುಂದಿಟ್ಟದ್ದನ್ನು ಮೂಕಪ್ರಾಣಿ ನಂಬುತ್ತದೆ. ಆ ನಂಬಿಕೆ ಹೊತ್ತವರಿಗೆ ನಿದ್ದೆ ಎಲ್ಲಿಂದ ಬಂದೀತು?

ಗುರುಬಸಪ್ಪ ಈಗ ಲಿಂಗಪೂಜೆಗಿಂತ ಮೊದಲು ಕೊಟ್ಟಿಗೆಗೆ ಬರುತ್ತಾನೆ. ಹಂಡ್ಯಾನ ಎದುರು ನಿಂತು ಅಂಗೈ ಎತ್ತುತ್ತಾನೆ. ಒಳಗೆ ಗಂಗವ್ವ ಬೆಂಕಿಕಡ್ಡಿ ಕೈಯಲ್ಲಿ ಹಿಡಿದು ಕಾದಿರುತ್ತಾಳೆ. ರೆಪ್ಪೆ ಬಡಿಯಿತೆಂದು ಅವನು ಕೂಗಿ ಹೇಳಿದ ಮೇಲೆಯೇ ಆ ಮನೆಯ ಒಲೆ ಹೊತ್ತುತ್ತದೆ.