ಹಳದಿ ಪಟ್ಟಿ

ಕುತ್ತಿಗೆಯ ಹಿಂದೆ ಉಸಿರು, ಬೆಚ್ಚಗೆ, ಚಹಾ ವಾಸನೆಯದು, ಭಾವ ಮತ್ತೆ ಬಂದು ಬಗ್ಗಿ ನಿಂತಿದ್ದಾರೆ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕೊರೆಯುವ ಮೇಷ್ಟ್ರಿಗೆ ಪರದೆ ನೋಡಲು ನನ್ನ ಹೆಗಲೇ ಆಗಬೇಕು, ಏನಪ್ಪಾ ಇಂಜಿನಿಯರ್, ಇನ್ನೂ ಕಪ್ಪಗೇ ಇದೆಯಲ್ಲ, ಇದೆ ಭಾವ, ನಿಮ್ಮ ತಲೆಯೊಳಗಿರೋದಕ್ಕಿಂತ ಒಂಚೂರು ಬೆಳಕು ಜಾಸ್ತಿಯೇ ಇದೆ — ಬಾಯಿಬಿಟ್ಟು ಅನ್ನಲಿಲ್ಲ, ಅಕ್ಕ ಇದ್ದಾಳೆ, ಕಸೂತಿ ಮೆಷಿನ್ನಿನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಾಳೆ, ದಾರ ಒಂದು ಕಡೆ ಹೋದರೆ ಸೂಜಿ ಒಂದು ಕಡೆ, ಕಣ್ಣು ಹೋಗುತ್ತಿದೆ ಅವಳದು. ಇಂಜಿನಿಯರ್ ಅಂದರೆ ಈ ಮನೆಯಲ್ಲಿ ಬೈಗುಳ, ಒಂಬತ್ತನೇ ಕ್ಲಾಸಿಗೆ ಪುಸ್ತಕದ ಚೀಲ ಎಸೆದು ರಿಪೇರಿ ಅಂಗಡಿ ಸೇರಿದವನನ್ನು ಊಟದ ಹೊತ್ತಿಗೆ ಚುಚ್ಚುವ ಸೂಜಿ, ಆ ಸೂಜಿಗೆ ಮಾತ್ರ ದಾರ ಬೇಕಿಲ್ಲ. ಪರದೆ ಕಪ್ಪಗಿರುವುದು ನನ್ನಿಂದಲೇ, ಗೊತ್ತು, ಹಳೇ ಸಿಸ್ಟಮ್ಮು ಕೂರಿಸುವ ಸಿಡಿಯಿಂದ ಫೈಲನ್ನೆಲ್ಲ ಎಳೆದು ಒಂದು ಫೋಲ್ಡರಿಗೆ ಹಾಕಿ, ಅದನ್ನು ಇಮೇಜು, ಅಂದರೆ ಸಿಡಿಯ ಪಡಿಯಚ್ಚಿನಂಥ ಒಂದೇ ಫೈಲು ಮಾಡಿ, ಲ್ಯಾಪ್‌ಟಾಪಿನ ಒಳಗೇ ಕಂಪ್ಯೂಟರಿನ ನಟನೆ ಮಾಡುವ ಹುಸಿ ಕಂಪ್ಯೂಟರಿಗೆ ತಿನ್ನಿಸಿದೆ, ತಿಂದಿತು, ಏಳಲಿಲ್ಲ, ಯಾಕೆ ಏಳುತ್ತೆ, ಸಿಡಿಯ ಹಣೆಯಲ್ಲಿ ಒಂದು ಚೂರು ಇರುತ್ತದೆ, ಎಬ್ಬಿಸುವ ಚೂರು, ಅದು ಫೋಲ್ಡರಿನಲ್ಲಿ ಕಾಣಲ್ಲ, ಎಳೆದರೆ ಬರಲ್ಲ, ಅದಿಲ್ಲದಿದ್ದರೆ ಮನೆ ತುಂಬ ಜನ ಇದ್ದೂ ಬಾಗಿಲೇ ಇಲ್ಲದ ಹಾಗೆ, ನಮ್ಮ ಅಂಗಡಿ ಯಜಮಾನ ಸೋಡಾಬುಡ್ಡಿ ನೋಡಿದ್ದರೆ ಕತ್ತೆ ಅನ್ನುತ್ತಿದ್ದ, ಕತ್ತೆ, ಸಿಡೀನ ಬುಡಸಮೇತ ಎತ್ತಬೇಕು ಕಣೋ, ಸೊಪ್ಪು ಕಿತ್ತ ಹಾಗೆ ಕೀಳೋದಲ್ಲ, ಅವನೇನು ಮಹಾ, ಅಂಗಡಿಗೆ ಬಂದವರ ಒಳ್ಳೇ ಮೆಮೊರಿ ಕಿತ್ತು ಹಳೇದು ಕೂರಿಸುವ ಸೋಡಾಬುಡ್ಡಿ. ಸರಿ, ಬುಡಸಮೇತ ಎತ್ತಿದೆ, ಹೊಸ ಇಮೇಜು, ಅದನ್ನೇ ಒಂದು ಪೆನ್‌ಡ್ರೈವಿಗೂ ಬರೆದು ಮೂಲೆಯಲ್ಲಿ ಕೆಟ್ಟು ಕೂತ ಅಕ್ಕನ ಹಳೇ ಕಂಪ್ಯೂಟರಿಗೆ ಚುಚ್ಚಿ ನೋಡಿದೆ, ರಿಪೇರಿ ಆದರೆ ಆಗಲಿ ಅಂತ, ಅದು ಗುರ್ ಅಂದು ಸುಮ್ಮನಾಯಿತು, ಹೆಣ, ಬಿದ್ದಿರಲಿ ಹಾಗೇ. ಹೆಣದೊಳಗೇ ಇದೆ ಎಲ್ಲ, ಅಕ್ಕ ಮದುವೆಯಾದ ಮೇಲೆ ಬರೆದ ಒಂದೊಂದು ಡಿಸೈನೂ, ಬಳ್ಳಿ, ಜಾಲ, ರೆಕ್ಕೆ ಮಡಚುತ್ತಿರುವ ಕೊಕ್ಕರೆ, ಬಟ್ಟೆ ಅಂಗಡಿಯವರು ಅಕ್ಕೋರ ಕೊಕ್ಕರೆ ಅಂತಲೇ ಕೇಳಿ ಕೊಳ್ಳುತ್ತಾರೆ, ಅವನ್ನು ತೆರೆಯುವ ಪ್ರೋಗ್ರಾಮು ಹಳೇ ಸಿಸ್ಟಮ್ಮಿನಲ್ಲಿ ಮಾತ್ರ ಓಡುತ್ತದೆ, ಮತ್ತೆ ಬರೆಯೋಕೆ ನನ್ನ ಕಣ್ಣು ಸಾಲಲ್ಲ ಕಣೋ, ಅವನ್ನಷ್ಟು ಉಳಿಸಿಕೊಡು, ಅಕ್ಕ ಹೇಳಿದ್ದು ಇಷ್ಟೇ, ಬೇಡುವ ದನಿಯಲ್ಲಿ, ಭಾವನ ಎದುರಿಗೇ. ಮೊದಲು ಡಿಸೈನು ಆಚೆ ತೆಗೆದಿಟ್ಕೋಬಾರದೇನಪ್ಪಾ, ಇದು ಭಾವ, ಮೊದಲು ಮನೆ ಕಟ್ಟೋಣ ಭಾವ, ಸಾಮಾನು ಆಮೇಲೆ ಸಾಗಿಸೋಣ, ಬೀದೀಲಿ ಇಡ್ತೀರಾ ಸಾಮಾನು, ಅಕ್ಕ ನಕ್ಕಳು, ಆಹಾ, ಮೇಷ್ಟ್ರ ಮುಖ ನೋಡಬೇಕಿತ್ತು.

ಎದ್ದಿತು. ಲ್ಯಾಪ್‌ಟಾಪಿನ ಒಳಗೆ ಸಣ್ಣ ಕಿಟಕಿ, ಕಿಟಕಿ ತುಂಬ ನೀಲಿ, ಬಿಳಿ ಅಕ್ಷರ, ಈ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಲೇ ಅಂತ ಕೇಳುತ್ತಿದೆ, ಭಾವ ನನ್ನ ಕೈ ಹಿಡಿದೇಬಿಟ್ಟರು, ಬೇಡ ಬೇಡ ಬೇಡ, ಓದು, ಅಳಿಸ್ತೀನಿ ಅಂತಿದೆ, ಅಯ್ಯೋ ಭಾವ, ಇದು ಡಿಸ್ಕೇ ಅಲ್ಲ, ಡಿಸ್ಕಿನ ವೇಷ ಹಾಕಿದ ಒಂದು ಫೈಲು, ಹಗ್ಗ, ಹಗ್ಗ ಕಂಡು ಹಾವು ಅಂತ ಕಿರುಚುವ ಜಾತಿ ನಿಮ್ಮದು, ಇಷ್ಟು ಓದಿ ಕಲಿತಿದ್ದು ಹೆದರೋದಾ, ಅಕ್ಕಾ ಬಾ ಇಲ್ಲಿ, ನೀನೇ ಒತ್ತು, ಇದು ಕೇಳಿದಾಗೆಲ್ಲ ಹೌದು ಅನ್ನು, ಏನೂ ಆಗಲ್ಲ, ಅಕ್ಕ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಬಂದು ಒತ್ತಿದಳು, ಒಂದು ಹಳದಿ ಪಟ್ಟಿ ತೆವಳಿತು, ಅದು ಒರೆಸುವ ಪಟ್ಟಿ, ತುಂಬಿತು, ಆಮೇಲೆ ಇನ್ನೊಂದು ಹಳದಿ ಪಟ್ಟಿ, ಒರೆಸಿದ ಜಾಗದ ಮೇಲೆ ಹೊಸದು ಬರೆಯುವ ಪಟ್ಟಿ, ಮೇಷ್ಟ್ರೇ ನೋಡಿ, ನಿಮ್ಮ ಹೆಂಡತಿಗಿರೋ ಧೈರ್ಯ ನಿಮಗಿಲ್ಲ, ಭಾವ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು, ಒರೆಸಿಕೊಳ್ಳಿ, ಇವತ್ತಿಗೆ ಅಷ್ಟು ಸಾಕು.

ಈಗ ಹಳೇ ಡಿಸ್ಕು ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸುವ ಕೇಬಲ್ಲು ಬೇಕು, ಅಂಗಡಿಯಲ್ಲಿದೆ, ಬೀದಿಗಿಳಿದೆ, ಬಿಸಿಲು, ಬಸ್ಸಿಗೆ ಕಾಯುವ ಟೈಗಳು, ಕೊರಳಿಗೆ ಫೋಟೋ ಕಟ್ಟಿಕೊಂಡವರು, ತಮ್ಮ ಹೆಸರು ಮರೆತುಹೋಗುವಷ್ಟು ಓದಿರಬೇಕು, ನಾಳೆ ಇವರದೇ ಕಂಪ್ಯೂಟರು ನಿಂತರೆ ಅಣ್ಣಾ ಅಣ್ಣಾ ಅಂತ ಬರುತ್ತಾರೆ, ಅಪ್ಪ ಕೂಡ ಹೀಗೇ ಟೈ ಕಟ್ಟಿದವರ ಕಂಡರೆ ಎದ್ದು ನಿಲ್ಲುತ್ತಿದ್ದ, ಕುರ್ಚಿ ತನ್ನದೇ ಆದರೂ, ನಾನು ಏಳಲ್ಲ, ಅಂಗಡಿ ಬಂತು, ಸೋಡಾಬುಡ್ಡಿ ಗಲ್ಲಾದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾನೆ, ಕೇಬಲ್ಲು ತಗೊಂಡೆ, ಎಬ್ಬಿಸುವ ಚೂರು ಇವನಿಗೂ ಇಲ್ಲ, ಒಬ್ಬನೇ ನಕ್ಕೆ, ಸಂಜೆಯೊಳಗೆ ಅಕ್ಕನ ಕೊಕ್ಕರೆ ಹೊಸ ಪರದೆಯಲ್ಲಿ ರೆಕ್ಕೆ ಮಡಚುತ್ತೆ, ಭಾವ ಇಂಜಿನಿಯರ್ ಅನ್ನಲಿ ಆಗ, ಅನ್ನಲಿ, ನೋಡೋಣ, ಮೆಟ್ಟಿಲು, ಬಾಗಿಲು ತೆರೆದೇ ಇದೆ, ಒಳಗೆ ನೀಲಿ ಬೆಳಕು, ಲ್ಯಾಪ್‌ಟಾಪು ಮುಚ್ಚಿದೆ, ಮತ್ತೆ ನೀಲಿ ಎಲ್ಲಿಂದ — ಮೂಲೆಯಿಂದ. ಲೋ, ಎದ್ದಿತು ಕಣೋ ನಿನ್ನ ಹೆಣ, ಅಕ್ಕ ಕುರ್ಚಿಯಿಂದ ಅರ್ಧ ಎದ್ದು, ಹುಡುಗಿಯ ಹಾಗೆ, ಸುಮ್ನೆ ಗುಂಡಿ ಒತ್ತಿ ನೋಡಿದೆ, ಅದೇ ನೀಲಿ ಬಂತು, ಅದೇ ಪ್ರಶ್ನೆ ಕೇಳ್ತು, ನಿಮ್ಮ ಭಾವ ಬೇಡ್ವೇ ಬೇಡ, ಅವನು ಬರಲಿ ಅಂತ ಕೈ ಹಿಡ್ಕೊಂಡ್ರು, ನಾನೇ ಬೈದೆ, ಹಗ್ಗ ಕಂಡು ಯಾಕೆ ಹೆದರ್ತೀರಿ ಅಂತ, ಕೇಳಿದ್ದಕ್ಕೆಲ್ಲ ಹೌದು ಅಂದೆ, ಸರಿ ಅಲ್ವೇನೋ, ಇನ್ನು ಇದರಲ್ಲೇ ನನ್ನ ಡಿಸೈನು ತೆರೀಬಹುದಲ್ವಾ. ಪೆನ್‌ಡ್ರೈವು, ಚುಚ್ಚಿದ್ದು ಚುಚ್ಚಿದ ಹಾಗೇ ಇದೆ, ತುದಿಯಲ್ಲಿ ದೀಪ ಮಿಟುಕುತ್ತಿದೆ, ಭಾವ ಗೋಡೆಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಇಂಜಿನಿಯರ್ ಅನ್ನಲಿಲ್ಲ, ಏನಪ್ಪಾ ಅಂದರು, ಬರೀ ಏನಪ್ಪಾ, ಪ್ಲಗ್ಗು ಕೀಳಬೇಕು, ಎರಡು ಹೆಜ್ಜೆ, ಕಿತ್ತರೆ ಎಷ್ಟು ಉಳಿದೀತು, ಒರೆಸುವ ಪಟ್ಟಿ ಯಾವಾಗಲೋ ಮುಗಿದಿದೆ, ಇದು ಎರಡನೆಯದು, ಇದು ಬರೆಯುವ ಪಟ್ಟಿ, ಬಳ್ಳಿಯ ಮೇಲೆ, ಜಾಲದ ಮೇಲೆ, ಹೇಳೋ ಸರಿ ತಾನೆ, ಅಕ್ಕ ಕಣ್ಣು ಕಿರಿದು ಮಾಡಿ ನಗುತ್ತಿದ್ದಾಳೆ, ನನ್ನ ಮುಖ ಅವಳಿಗೆ ಸರಿಯಾಗಿ ಕಾಣುತ್ತಿಲ್ಲ, ಕೈಯಲ್ಲಿ ಕೇಬಲ್ಲು, ಹಳದಿ ಪಟ್ಟಿ, ಒಂದು ಚೂರು ಮುಂದೆ, ನಿಂತಿತು, ಹಳದಿ ಪಟ್ಟಿ, ಇನ್ನೊಂದು ಚೂರು