ಶೂ ಒಳಗಿನ ಕಾಲುಂಗುರ

ಸಹಕಾರನಗರದ ಪಾರ್ಕಿನಲ್ಲಿ ದಾನವ್ವ ಮತ್ತು ತರನ್ನುಮ್ ಜೊತೆಯಾಗಿ ನಡೆಯಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ನಡಿಗೆ ಹೆಸರಿಗಷ್ಟೇ, ಮೂರು ಸುತ್ತು ಹಾಕಿ, ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಕೂತು ಮನೆಯ ಸುದ್ದಿಯೆಲ್ಲ ಹರವಿಕೊಳ್ಳುವುದೇ ನಿಜವಾದ ಕೆಲಸ. ಯಾರ ಮನೆಯಲ್ಲಿ ಹಾಲು ಒಡೆಯಿತು, ಯಾರ ಸೊಂಟ ಹಿಡಿಯಿತು, ಎಲ್ಲವೂ ಅಲ್ಲಿ ಬರಲೇಬೇಕು.

ಹೋದ ತಿಂಗಳು ಪಕ್ಕದ ಬೀದಿಗೆ ಸ್ನೇಹಾ ಬಂದಳು. ನಲವತ್ತರ ಆಸುಪಾಸು. ಕೈಯಲ್ಲಿ ಹೆಜ್ಜೆ ಎಣಿಸುವ ವಾಚು, ಕಾಲಲ್ಲಿ ಗಿಳಿಹಸಿರು ಶೂ. ಎರಡೇ ದಿನದಲ್ಲಿ ತರನ್ನುಮ್‌ಗೂ ಶೂ ಕೊಡಿಸಿ ತನ್ನ ಪಕ್ಕಕ್ಕೆ ಎಳೆದುಕೊಂಡಳು. ಅದಕ್ಕಿಂತ ದಾನವ್ವನ ಹೊಟ್ಟೆ ಉರಿಸಿದ್ದು ಇನ್ನೊಂದು. ತರನ್ನುಮ್ ತನಗಿಂತ ಎರಡೇ ವರ್ಷ ಚಿಕ್ಕವಳು. ಆದರೂ ಸ್ನೇಹಾಳ ಬಾಯಲ್ಲಿ ಅವಳು ಬರೀ ತರನ್ನುಮ್, ತಾನು ಮಾತ್ರ ಆಂಟಿ.

"ಆಂಟಿ, ನೀವು ಆರಾಮಾಗಿ ಬನ್ನಿ. ಬೆಂಚ್ ಹತ್ರ ಸಿಗ್ತೀವಿ," ಎಂದು ಹಾರಿಹೋಗುತ್ತಿದ್ದಳು. ದಾನವ್ವ ಬೆಂಚು ಮುಟ್ಟುವಷ್ಟರಲ್ಲಿ ಇಬ್ಬರ ಮಾತೂ ಮುಗಿದು, ನಗುವಿನ ಬಾಲವಷ್ಟೇ ಉಳಿದಿರುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ದಾನವ್ವ ಮಗಳು ಸ್ಮಿತಾಳ ಹಳೆಯ ಶೂ ಹುಡುಕಿ ತೆಗೆದಳು. ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟು ಬೇರೆ ಮೆಟ್ಟಿದವಳಲ್ಲ. ಬಿಗಿ ಇದ್ದಷ್ಟೂ ವೇಗ ಬರುತ್ತದೆಂದು ಲೇಸನ್ನು ಎಳೆದೆಳೆದು ಕಟ್ಟಿದಳು.

ಅವತ್ತು ಅವರ ಸಮಸಮಕ್ಕೆ ನಡೆದಳು. ಎರಡನೆಯ ಸುತ್ತಿಗೆ ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಮೂರನೆಯದಕ್ಕೆ ಪಾದ ಜೋಮು ಹಿಡಿದು, ನೆಲ ಮೆಟ್ಟಿದ್ದೂ ತಿಳಿಯದಾಯಿತು. ಸಕ್ಕರೆ ಕಾಯಿಲೆಯೇ ಬಂತೇನೋ ಎಂದು ಹೆದರಿಕೆ. ಆದರೆ ಬಾಯಿ ಬಿಟ್ಟರೆ ನಾಳೆಯಿಂದ ಮತ್ತೆ ಹಿಂದೆಯೇ. ತುಟಿ ಕಚ್ಚಿ ನಡೆದವಳು ಹೊಂಗೆ ಮರದ ಬಳಿ ಮುಗ್ಗರಿಸಿದಳು.

ತರನ್ನುಮ್ ಹಿಡಿದು ಬೆಂಚಿನಲ್ಲಿ ಕೂರಿಸಿದಳು. "ಏನಾಯ್ತು ಅಕ್ಕಾ?"

"ಏನಿಲ್ಲ ಬಿಡ. ಕಾಲು ಎಲ್ಲೈತಿ ಅಂತ ಗೊತ್ತಾಗವಲ್ದು, ಅಷ್ಟ."

"ಅಷ್ಟೇನಾ? ಯಾ ಅಲ್ಲಾ!" ತರನ್ನುಮ್ ನೆಲದ ಮೇಲೆಯೇ ಕೂತು ಶೂ ಕಿತ್ತಳು. ಬೆರಳುಗಳು ಬಿಳಿಚಿಕೊಂಡಿದ್ದವು. ದಪ್ಪ ಬೆಳ್ಳಿಯ ಕಾಲುಂಗುರಗಳು ಅಕ್ಕಪಕ್ಕದ ಬೆರಳಿಗೂ ಒತ್ತಿ ಹಳ್ಳ ಮಾಡಿದ್ದವು.

"ಕಾಲುಂಗುರದ ಮೇಲೇ ಶೂ ತುರುಕಿದ್ರಾ?" ಸ್ನೇಹಾ ನಕ್ಕೇಬಿಟ್ಟಳು. "ತೆಗೀರಿ ಆಂಟಿ, ರಕ್ತ ಓಡಾಡ್ಲಿ. ನಾಳೆನೂ ಹಿಂಗೇ ಆದ್ರೆ ಡಾಕ್ಟರ್‌ಗೆ ತೋರ್ಸಿ."

ಅವಳು ಕೈ ಚಾಚಿದ್ದೇ ತಡ, ದಾನವ್ವ ಕಾಲು ಹಿಂದೆಳೆದುಕೊಂಡಳು. "ನೀ ಮುಟ್ಟಬ್ಯಾಡವಾ. ಇಪ್ಪತ್ತಾರು ವರ್ಷದಿಂದ ತಗದಿಲ್ಲ."

"ನಾನು ತೆಗೀಲಾ?" ತರನ್ನುಮ್ ಮೆಲ್ಲಗೆ ಕೇಳಿದಳು. "ಯಜಮಾನ್ರು ಬೈದ್ರೆ ನನ್ ಹೆಸ್ರು ಹೇಳಿ."

ಬಾಟಲಿಯ ನೀರು ಸುರಿದು, ತಿರುಗಿಸಿ ತಿರುಗಿಸಿ ಎರಡನ್ನೂ ಹೊರತೆಗೆದು ದಾನವ್ವನ ಕೈಗಿಟ್ಟಳು. "ನಿಮಗೆ ಈ ಶೂ ಯಾಕ್ ಬೇಕಿತ್ತು ಅಕ್ಕಾ?"

"ನೀ ಓಡಾಕ ಹತ್ತಿದ್ಯಲ್ಲ." ದಾನವ್ವ ಮರದ ಕಡೆ ಮುಖ ತಿರುಗಿಸಿದಳು.

ತರನ್ನುಮ್ ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಉಜ್ಜತೊಡಗಿದಳು. ಸ್ನೇಹಾ ವಾಚು ನೋಡಿಕೊಂಡಳು. "ಇನ್ನೂ ಎರಡು ಸುತ್ತು ಇದೆ. ಬರ್ತೀಯಾ ತರನ್ನುಮ್?"

ಕಾಲುಂಗುರಗಳನ್ನು ದಾನವ್ವ ತನ್ನ ಸೆರಗಿನ ತುದಿಗೇ ಗಂಟು ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡದೆ ತರನ್ನುಮಳ ಅಂಗೈಯಲ್ಲಿಟ್ಟು, ಅವಳ ಬೆರಳು ಮಡಚಿದಳು. "ಮನಿ ಮುಟ್ಟೂತನಕ ನೀನ ಹಿಡ್ಕೊ. ನನ್ನ ಕಡೆ ಬಿದ್ದುಗಿದ್ದು ಹೋದ್ರ?"

"ನೀನು ನಡಿ ಸ್ನೇಹಾ," ಎಂದಳು ತರನ್ನುಮ್, ಮುಷ್ಟಿ ಬಿಗಿಹಿಡಿದು. "ನಾನು ಅಕ್ಕನ್ನ ಮನೆಗ್ ಬಿಡ್ಬೇಕು."

ದಾನವ್ವ ಬರಿಗಾಲಲ್ಲೇ ಅವಳ ಭುಜ ಹಿಡಿದು ಹೊರಟಳು. ಮೊದಲ ತಿರುವಿನಲ್ಲೇ ಜೋಮು ಪೂರಾ ಇಳಿದುಹೋಯಿತು. ಆದರೂ ಮನೆಯ ಗೇಟು ಬರುವ ತನಕ ಕುಂಟುವುದನ್ನು ಬಿಡಲಿಲ್ಲ.